ಎದೆ ಡವಡವ ಹೊಡೆದುಕೊಳ್ಳುವುದು ಗಾಬರಿಗಾ, ಹೃದಯದ ತೊಂದರೆಗಾ?

ಪ್ರಶ್ನೆ: ನನಗೆ 36 ವರ್ಷ. ಮೂರ್ನಾಲ್ಕು ತಿಂಗಳಿಂದ ಆಗಾಗ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಹೆಚ್ಚಾಗಿ ರಾತ್ರಿ ಮಲಗಿದ ಮೇಲೆ, ಒಮ್ಮೊಮ್ಮೆ ಹಗಲು ಕೆಲಸದ ನಡುವೆಯೂ. ಕೈ ನಡುಗುತ್ತದೆ, ಬೆವರುತ್ತೇನೆ, ಈಗಲೇ ಏನೋ ಆಗಿಬಿಡುತ್ತದೆ ಅನಿಸುತ್ತದೆ. ಕೈಗೆ ಕಟ್ಟಿದ ವಾಚು ಎಷ್ಟೋ ಸಲ 120ರ ಆಸುಪಾಸು ತೋರಿಸಿದೆ. ಎರಡು ಸಲ ಮಾತ್ರ 170 ದಾಟಿತ್ತು. ಇಸಿಜಿ ತೆಗೆಸಿದೆ, ನಾರ್ಮಲ್. "ಟೆನ್ಷನ್ ಅಷ್ಟೇ" ಅಂದರು. ಸಮಾಧಾನ ಆಗುತ್ತಿಲ್ಲ. ಇದು ಗಾಬರಿಯದ್ದೋ ಹೃದಯದ್ದೋ ಅಂತ ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಗೆ ಬರುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಇದೇ ತೊಂದರೆ ಇರುವ ಬೇರೆಯವರೂ ಇದನ್ನು ಓದುತ್ತಿರಬಹುದು. ಬಡಿತ ಜೋರಾದಾಗ ಎಚ್ಚರ ತಪ್ಪಿದರೆ, ಎದೆ ಹಿಂಡಿದಂತಾಗಿ ಆ ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಡಿದರೆ, ಕೂತಲ್ಲೇ ಏದುಸಿರು ಬಂದರೆ, ಮಾತು ತೊದಲಿದರೆ, ಮುಖ ಒಂದು ಕಡೆ ವಾಲಿದರೆ, ಇದು ಗಾಬರಿ ಇರಬಹುದಾ ಅಂತ ಯೋಚಿಸುತ್ತ ಕೂರಬೇಡಿ. ಆಂಬ್ಯುಲೆನ್ಸ್ ಕರೆಸಿ. ಓಡುವಾಗ, ಆಡುವಾಗ ತಲೆ ಸುತ್ತಿ ಬಿದ್ದಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ದಿಢೀರ್ ಅಂತ ತೀರಿಕೊಂಡಿದ್ದರೆ, ಅಥವಾ ನಿಮಗೆ ಮೊದಲೇ ಹೃದಯದ ಕಾಯಿಲೆ ಇದ್ದರೆ, ಬಡಿತ ತಾನಾಗಿಯೇ ಇಳಿದು ಹೋದರೂ ಕೆಲವೇ ದಿನಗಳಲ್ಲಿ ಹೃದ್ರೋಗ ತಜ್ಞರನ್ನು ನೋಡಿ. ಇತ್ತೀಚೆಗೆ ಆಪರೇಷನ್ ಆಗಿ ಅಥವಾ ತುಂಬಾ ದಿನ ಹಾಸಿಗೆ ಹಿಡಿದಿದ್ದು, ಒಂದು ಕಾಲು ಊದಿಕೊಂಡು, ಜೊತೆಗೆ ಉಸಿರು ಕಟ್ಟಿ ಎದೆ ಓಡುತ್ತಿದ್ದರೆ ಅದೂ ತುರ್ತೇ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು.

ಇವು ಯಾವುವೂ ನಿಮ್ಮ ಪತ್ರದಲ್ಲಿ ಇಲ್ಲ. ಹಾಗಾಗಿ ಕೂತು ಮಾತಾಡಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಎರಡು ಸಂಖ್ಯೆಗಳ ಮೇಲೆ, 120 ಮತ್ತು 170. ನೀವು ಎರಡನ್ನೂ ಒಂದೇ ತೊಂದರೆ ಅಂತ ಬರೆದಿದ್ದೀರಿ. ನನಗೆ ಹಾಗೆ ಅನಿಸುತ್ತಿಲ್ಲ. 120ರದ್ದು ಗಾಬರಿಯ ಬಡಿತ ಇರಬಹುದು. 170ರದ್ದು ಏನು ಅಂತ ಹಿಡಿದು ನೋಡುವವರೆಗೂ ಅದಕ್ಕೆ ಟೆನ್ಷನ್ ಅಂತ ಹೆಸರಿಡಲು ನಾನು ಒಪ್ಪುವುದಿಲ್ಲ. ಹಾಗಂತ ಅದು ದೊಡ್ಡ ಕಾಯಿಲೆ ಅಂತಲೂ ಅರ್ಥ ಅಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಭಾಗ ಇದೆ. ಪ್ರತಿ ಬಡಿತಕ್ಕೂ ಬೇಕಾದ ವಿದ್ಯುತ್ತು ಅಲ್ಲಿಂದಲೇ ಹೊರಡುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ನಾವು ಸುಮ್ಮನೆ ಕೂತಾಗ 70 ಇರುವುದು ವೇಗಸ್ ಎಂಬ ನರ ಅದನ್ನು ಹಿಡಿದಿಟ್ಟುಕೊಂಡಿರುವುದರಿಂದ. ಹೆದರಿದಾಗ ಮೊದಲು ಆ ಹಿಡಿತ ಸಡಿಲವಾಗುತ್ತದೆ. ಆಮೇಲೆ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಬಡಿತ 80 ಆಗಿ, 95 ಆಗಿ, 115 ಆಗಿ ಏರುತ್ತ ಹೋಗುತ್ತದೆ. ಇಳಿಯುವಾಗಲೂ ಹಾಗೇ. ಹೆದರಿಕೆ ಕಳೆದರೂ ರಕ್ತದಲ್ಲಿರುವ ಅಡ್ರಿನಲಿನ್ ಖಾಲಿಯಾಗಲು ಹೊತ್ತು ಬೇಕು. ಹಾಗಾಗಿ ಒಂದೇ ಸಲಕ್ಕೆ ನಿಲ್ಲುವುದಿಲ್ಲ, ತಗ್ಗುತ್ತ ತಗ್ಗುತ್ತ ಮಾಮೂಲಿಗೆ ಬರುತ್ತದೆ. ಗಾಬರಿಯ ದಾಳಿ ಬಂದರೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಇಳಿದಿರುತ್ತದೆ. ಸುಸ್ತು ಮಾತ್ರ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಇಲ್ಲಿ ಹೃದಯ ತಪ್ಪು ಮಾಡುತ್ತಿಲ್ಲ. ಮೆದುಳು ಓಡು ಅಂದಿತು, ಅದು ಓಡಿತು. ಬಡಿತ ಹುಟ್ಟುವ ಜಾಗ ಸರಿ, ಹರಿಯುವ ದಾರಿ ಸರಿ, ವೇಗ ಮಾತ್ರ ಜಾಸ್ತಿ.

ಇನ್ನೊಂದು ಬಗೆ ಬೇರೆಯೇ. ಕೆಲವರಿಗೆ ಹುಟ್ಟಿನಿಂದಲೇ ಹೃದಯದಲ್ಲಿ ವಿದ್ಯುತ್ತು ಹರಿಯಲು ಒಂದು ಹೆಚ್ಚುವರಿ ದಾರಿ ಇರುತ್ತದೆ. ವರ್ಷಗಟ್ಟಲೆ ಅದರಿಂದ ಏನೂ ಆಗಿರುವುದಿಲ್ಲ. ಒಂದು ದಿನ ಒಂದು ಬಡಿತ ಸ್ವಲ್ಪ ಬೇಗ ಬರುತ್ತದೆ. ವಿದ್ಯುತ್ತು ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಒಂದು ಬಡಿತ. ನಿಮಿಷಕ್ಕೆ 150ರಿಂದ 220ರವರೆಗೂ ಹೋಗಬಹುದು. ಇದನ್ನು ನಾವು ಎಸ್‌ವಿಟಿ ಅನ್ನುತ್ತೇವೆ. ಇದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸ್ವಿಚ್ ಹಾಕಿದ ಹಾಗೆ ಶುರುವಾಗುತ್ತದೆ, ಆರಿಸಿದ ಹಾಗೆ ನಿಲ್ಲುತ್ತದೆ. 75 ಇದ್ದದ್ದು ಮರುಬಡಿತಕ್ಕೆ 175.

ಅದಕ್ಕೇ ನನ್ನ ಬಳಿ ಬಂದವರಿಗೆ ಎಷ್ಟು ಜೋರಾಗಿ ಹೊಡೆದುಕೊಂಡಿತು ಅಂತ ನಾನು ಮೊದಲು ಕೇಳುವುದಿಲ್ಲ. ಎಲ್ಲರಿಗೂ ಜೋರಾಗೇ ಹೊಡೆದುಕೊಂಡಿರುತ್ತದೆ. ಹೇಗೆ ಶುರುವಾಯಿತು, ಹೇಗೆ ನಿಂತಿತು ಅಂತ ಕೇಳುತ್ತೇನೆ. "ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಆಗಲೇ ಶುರುವಾಯಿತು" ಅಂತ ಕ್ಷಣವನ್ನೇ ಬೆರಳಿಟ್ಟು ತೋರಿಸುವವರಿದ್ದಾರೆ. "ಯಾವಾಗ ಅಂತ ಗೊತ್ತಿಲ್ಲ, ನೋಡನೋಡುತ್ತ ಜಾಸ್ತಿ ಆಯಿತು" ಅನ್ನುವವರೂ ಇದ್ದಾರೆ. ಮೊದಲಿನವರ ಮಾತು ಕೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಆ ಬಡಿತವನ್ನು ತಟ್ಟಿ ತೋರಿಸಿ ಅನ್ನುತ್ತೇನೆ. ಮಾತಿಗಿಂತ ಇದು ಎಷ್ಟೋ ಹೇಳುತ್ತದೆ. ಕೆಲವರು ಟಕ್ ಟಕ್ ಟಕ್ ಅಂತ ಚುರುಕಾಗಿ, ಆದರೆ ಎಣಿಸಲು ಬರುವಷ್ಟು ವೇಗದಲ್ಲಿ ತಟ್ಟುತ್ತಾರೆ. ಹೆಚ್ಚಾಗಿ ಅದು ಸೈನಸ್ ಬಡಿತವೇ. ಕೆಲವರ ಬೆರಳಿಗೆ ಆ ವೇಗ ಹಿಡಿಯಲಿಕ್ಕೇ ಆಗುವುದಿಲ್ಲ. "ಇದಕ್ಕಿಂತ ಬೇಗ, ಇನ್ನೂ ಬೇಗ" ಅನ್ನುತ್ತಾರೆ. ಬಡಿತದ ನಡುವಿನ ಅಂತರ ಮಾತ್ರ ಒಂದೇ ಸಮ. ಅದು ಎಸ್‌ವಿಟಿ ಕಡೆಗೆ ಕೈ ತೋರಿಸುತ್ತದೆ. ಇನ್ನು ಕೆಲವರು ಟಕ್, ಟಕ್‌ಟಕ್, ಸ್ವಲ್ಪ ತಡೆದು ಟಕ್, ಮತ್ತೆ ಟಕ್‌ಟಕ್‌ಟಕ್ ಅಂತ ಯಾವ ಲೆಕ್ಕಕ್ಕೂ ಸಿಗದಂತೆ ತಟ್ಟುತ್ತಾರೆ. ಅದು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ಅದುರುವ ತೊಂದರೆ, ಇರಬಹುದು. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ, ಮದ್ಯ ಜಾಸ್ತಿ ಕುಡಿಯುವವರಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ. ಈ ತೊಂದರೆ ಇರುವವರಿಗೆ ಆ ಅಪಾಯ ಸುಮಾರು 5 ಪಟ್ಟು ಹೆಚ್ಚು.

"ಒಂದು ಬಡಿತ ತಪ್ಪಿ, ಆಮೇಲೆ ದಡ್ ಅಂತ ಒಂದು ಬಂತು" ಅನ್ನುವವರು ಬಹಳ ಜನ. ಅಸಲಿಗೆ ಅಲ್ಲಿ ಬಡಿತ ತಪ್ಪಿರುವುದಿಲ್ಲ. ಒಂದು ಬಡಿತ ಅವಸರದಲ್ಲಿ ಮುಂಚೆಯೇ ಬಂದು ಹೋಗಿರುತ್ತದೆ. ಅದು ಸಣ್ಣದು, ಗೊತ್ತಾಗುವುದಿಲ್ಲ. ಅದರ ನಂತರದ ಬಿಡುವಿನಲ್ಲಿ ಹೃದಯಕ್ಕೆ ಜಾಸ್ತಿ ರಕ್ತ ತುಂಬಿ, ಮುಂದಿನದು ಜೋರಾಗಿ ಬಡಿಯುತ್ತದೆ. ಹೃದಯ ಗಟ್ಟಿಮುಟ್ಟಾಗಿ ಇರುವವರಲ್ಲೂ ಇದು ಆಗಾಗ ಆಗುತ್ತಲೇ ಇರುತ್ತದೆ. ಗಮನ ಅತ್ತ ಹರಿದಷ್ಟೂ ಜಾಸ್ತಿ ಗೊತ್ತಾಗುತ್ತದೆ, ಅಷ್ಟೇ.

ಈಗ ಜನರು ಹೆಚ್ಚು ನೆಚ್ಚಿಕೊಳ್ಳುವ ಒಂದು ಗುರುತಿನ ಬಗ್ಗೆ ಎಚ್ಚರಿಸಬೇಕು. "ಹೆದರಿಕೆ ಮೊದಲು ಬಂದರೆ ಗಾಬರಿ, ಬಡಿತ ಮೊದಲು ಬಂದರೆ ಹೃದಯ" ಅಂತ ಹೇಳುವುದುಂಟು. ಅರ್ಧ ಮಾತ್ರ ನಿಜ. ಗಾಬರಿಯ ದಾಳಿ ಎಷ್ಟೋ ಸಲ ಯಾವ ಯೋಚನೆಯೂ ಇಲ್ಲದಾಗ, ನಿದ್ದೆಯಿಂದ ಎಬ್ಬಿಸಿಕೊಂಡು ಬರುತ್ತದೆ. ಅವರಿಗೆ ಮೊದಲು ಗೊತ್ತಾಗುವುದೇ ಎದೆಬಡಿತ. ಇತ್ತ 180ರಲ್ಲಿ ಹೃದಯ ಓಡಲು ಶುರುವಾದರೆ ಯಾರಿಗೆ ತಾನೇ ಹೆದರಿಕೆ ಆಗುವುದಿಲ್ಲ? ಬೆವರು, ನಡುಕ, ಸಾಯುತ್ತೇನೆ ಎಂಬ ಭಯ ಎಲ್ಲವೂ ಅಲ್ಲೂ ಇರುತ್ತದೆ. ಅಂದರೆ ಹೆದರಿಕೆ ಇದೆ ಎಂಬ ಒಂದೇ ಕಾರಣಕ್ಕೆ ಇದು ಗಾಬರಿಯ ಕಾಯಿಲೆ ಅಂತ ತೀರ್ಮಾನ ಮಾಡುವಂತಿಲ್ಲ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಸ್‌ವಿಟಿ ಇದೆ ಅಂತ ಖಚಿತವಾಗಿದ್ದ 107 ಜನರ ಹಿಂದಿನ ಕಥೆ ಕೆದಕಿ ನೋಡಿದ್ದರು. ಅವರಲ್ಲಿ 67 ಶೇಕಡಾ ಜನರ ಲಕ್ಷಣಗಳು ಪ್ಯಾನಿಕ್ ಡಿಸಾರ್ಡರ್, ಅಂದರೆ ಗಾಬರಿಯ ಕಾಯಿಲೆ, ಅಂತ ಹೆಸರಿಡುವಷ್ಟು ಹೊಂದಿಕೆಯಾಗುತ್ತಿದ್ದವು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಮೊದಲ ತಪಾಸಣೆಯಲ್ಲಿ ಎಸ್‌ವಿಟಿ ಗೊತ್ತಾಗಿರಲೇ ಇಲ್ಲ. ಗುರುತು ಸಿಗದೆ ವರ್ಷಗಳೇ ಕಳೆದಿದ್ದವು. "ಇದು ಟೆನ್ಷನ್" ಅಂತ ಹೇಳಿಸಿಕೊಂಡವರಲ್ಲಿ ಹೆಂಗಸರೇ ಹೆಚ್ಚು. ಇದು ನನಗೆ ಇಂದಿಗೂ ಬೇಸರ ತರುವ ವಿಷಯ. ಹೆಂಗಸು ಬಂದು ಎದೆ ಡವಡವ ಅಂದರೆ ನಾಡಿ ಹಿಡಿಯುವ ಮೊದಲೇ ಮನೆಯ ಚಿಂತೆ ಏನು ಅಂತ ಕೇಳುವುದು ಇನ್ನೂ ನಿಂತಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಎದೆಬಡಿತ ಅಂತ ಬಂದ 190 ಜನರನ್ನು ಹಿಂಬಾಲಿಸಿ ನೋಡಿದ 1996ರ ಅಧ್ಯಯನದಲ್ಲಿ 43 ಶೇಕಡಾ ಜನರಿಗೆ ಕಾರಣ ಹೃದಯದಲ್ಲಿತ್ತು. 31 ಶೇಕಡಾ ಜನರಿಗೆ ಕಾರಣ ಗಾಬರಿ, ಆತಂಕದಂಥ ಮನಸ್ಸಿನ ತೊಂದರೆ. ಒಂದು ವರ್ಷದಲ್ಲಿ ತೀರಿಕೊಂಡವರು ಬಹಳ ಕಡಿಮೆ, 100ಕ್ಕೆ ಇಬ್ಬರೂ ಇಲ್ಲ. ಹೃದಯದ್ದೇ ಆಗಿದ್ದರೂ ಹೆಚ್ಚಿನವು ಜೀವಕ್ಕೆ ಕುತ್ತು ತರುವಂಥವಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ. ಗಾಬರಿಯೂ ಸುಳ್ಳು ಕಾಯಿಲೆ ಅಲ್ಲ. ಅದು ಕೊಡುವ ಸಂಕಟ ಪೂರ್ತಿ ನಿಜ. 1871ರಷ್ಟು ಹಿಂದೆಯೇ ಜೇಕಬ್ ಡಾಕೋಸ್ಟಾ ಎಂಬ ಅಮೆರಿಕದ ವೈದ್ಯರು ಯುದ್ಧದಿಂದ ಬಂದ ಸೈನಿಕರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಎದೆ ಓಡುವುದು, ಉಸಿರು ಸಾಲದಿರುವುದು, ಸುಸ್ತು. ಪರೀಕ್ಷೆ ಮಾಡಿದರೆ ಹೃದಯದಲ್ಲಿ ಕಾಣುವಂಥ ರೋಗ ಇಲ್ಲ. ಯುದ್ಧ ಕಂಡು ಬಂದವರನ್ನು ಯಾರೂ ಪುಕ್ಕಲರು ಅನ್ನಲಾರರು, ಅಲ್ವಾ?

ಗಾಬರಿ ಇದ್ದಾಗ ಬಡಿತದ ಜೊತೆಗೆ ಬರುವ ಕೆಲವು ಗುರುತುಗಳನ್ನು ಗಮನಿಸಿ. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಅನ್ನುವುದು. ಎಷ್ಟು ಎಳೆದುಕೊಂಡರೂ ಉಸಿರು ತುಂಬಲಿಲ್ಲ ಅನಿಸುವುದು. ಇದು ಗೊತ್ತಿಲ್ಲದೆಯೇ ಜಾಸ್ತಿ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದದ್ದರ ಫಲ. ಎದೆನೋವು ಇದ್ದರೆ ಹೆಚ್ಚಾಗಿ ಒಂದೇ ಜಾಗದಲ್ಲಿ ಚುಚ್ಚಿದ ಹಾಗಿದ್ದು, ಬೆರಳಲ್ಲಿ ತೋರಿಸಲು ಬರುತ್ತದೆ. ಒತ್ತಿದರೆ ನೋಯುವುದೂ ಉಂಟು. ಎಸ್‌ವಿಟಿಯಲ್ಲಿ ಹಲವರಿಗೆ ಕುತ್ತಿಗೆಯಲ್ಲೂ ಪಟಪಟ ಹೊಡೆದುಕೊಳ್ಳುತ್ತದೆ. ಅಂಗಿಯ ಕಾಲರ್ ಅದುರಿದಂತೆ ಅನಿಸಬಹುದು. ಹೃದಯದ ಮೇಲಿನ ಕೋಣೆ ಮುಚ್ಚಿದ ಬಾಗಿಲಿನ ಮೇಲೆ ಹಿಂಡಿಕೊಂಡು, ರಕ್ತ ಹಿಂದಕ್ಕೆ ಕುತ್ತಿಗೆಯ ರಕ್ತನಾಳಕ್ಕೆ ತಳ್ಳಲ್ಪಡುವುದರಿಂದ ಹೀಗಾಗುತ್ತದೆ. ದಾಳಿಯ ಹೊತ್ತಿಗೋ, ಮುಗಿದ ಮೇಲೋ ಧಾರಾಳವಾಗಿ ಮೂತ್ರ ಹೋಗುವುದೂ ಒಂದು ಗುರುತು. ಮೇಲಿನ ಕೋಣೆಗಳು ಹಿಗ್ಗಿದಾಗ ಹೊರಬರುವ ಹಾರ್ಮೋನಿನ ಕೆಲಸ ಅದು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕೇಳಿದರೆ "ಹೌದಲ್ಲ!" ಅನ್ನುತ್ತಾರೆ.

ಒಂದು ಸಲಕ್ಕೆ ನಿಲ್ಲುವ ಗುರುತು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಸಿಗುವುದಿಲ್ಲ. ಎಸ್‌ವಿಟಿ ನಿಂತ ಮೇಲೂ ಹೆದರಿಕೆಯಿಂದಾಗಿ ಹೃದಯ ಸ್ವಲ್ಪ ಹೊತ್ತು 110ರಲ್ಲಿ ಓಡುತ್ತಿರುತ್ತದೆ. ಹಾಗಾಗಿ ಮೆಲ್ಲಗೆ ಇಳಿಯಿತು ಅನಿಸಬಹುದು. ಶುರುವಾದ ರೀತಿಯನ್ನೇ ಜಾಸ್ತಿ ನಂಬಿ.

ಈಗ ನಿಮ್ಮ 170. ಮನುಷ್ಯನ ಸೈನಸ್ ಬಡಿತ ಗರಿಷ್ಠ ಎಷ್ಟಕ್ಕೆ ಹೋಗಬಹುದು ಅನ್ನಲು 220ರಿಂದ ವಯಸ್ಸನ್ನು ಕಳೆಯುವ ಒಂದು ಅಂದಾಜು ಲೆಕ್ಕ ಇದೆ. ನಿಮಗೆ ಅದು 184. ಅಂದರೆ 170 ಅನ್ನುವುದು ನೀವು ಉಸಿರು ಕಟ್ಟುವಷ್ಟು ಓಡಿದಾಗ ಬರಬೇಕಾದ ಸಂಖ್ಯೆ. ಹಾಸಿಗೆಯಲ್ಲಿ ಮಲಗಿ ಬರೀ ಗಾಬರಿಗೆ ಅಷ್ಟು ಏರುವುದು ಅಪರೂಪ. ಗಾಬರಿಯಲ್ಲಿ ಸಾಮಾನ್ಯವಾಗಿ ಕಾಣುವುದು 100ರಿಂದ 140ರ ಒಳಗೆ. ಆದರೆ ಇನ್ನೊಂದು ಸಾಧ್ಯತೆಯೂ ಇದೆ. ವಾಚು ತಪ್ಪು ಹೇಳಿರಬಹುದು. ಅದು ಚರ್ಮಕ್ಕೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡಿ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲ ಇದ್ದರೆ, ಕೈ ನಡುಗುತ್ತಿದ್ದರೆ, ಬೆವರು ಇದ್ದರೆ ಲೆಕ್ಕ ತಪ್ಪುತ್ತದೆ. ನಿಮಗೆ ಆಗ ನಡುಕ, ಬೆವರು ಎರಡೂ ಇತ್ತು. ಅದಕ್ಕೇ ಮುಂದಿನ ಸಲ ವಾಚಿನ ಮಾತನ್ನೇ ನಂಬದೆ ನೀವೇ ನಾಡಿ ನೋಡಬೇಕು.

ಹೇಗೆ ಅಂದರೆ, ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ಬನ್ನಿ. ಅಲ್ಲಿರುವ ಮೂಳೆಗೂ ನರದಂಥ ಗಟ್ಟಿ ಎಳೆಗೂ ನಡುವೆ ಒಂದು ಸಣ್ಣ ತಗ್ಗು ಸಿಗುತ್ತದೆ. ಇನ್ನೊಂದು ಕೈಯ ಎರಡು ಬೆರಳುಗಳ ತುದಿ ಅಲ್ಲಿಡಿ. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ಮಿಡಿತ ಇದೆ. ಜೋರಾಗಿ ಒತ್ತಿದರೆ ನಾಡಿ ಮಾಯವಾಗುತ್ತದೆ, ಹಗುರವಾಗಿ ಇಟ್ಟರೆ ಸಾಕು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ತಾಳ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸಲು ಆಗದಷ್ಟು ಬೇಗ ಇದ್ದರೆ ಅದೇ ಒಂದು ಸುದ್ದಿ, ಹಾಗಂತಲೇ ಬರೆದಿಡಿ. ಎಣಿಸುವ ಅಭ್ಯಾಸವನ್ನು ಆರಾಮವಾಗಿ ಕೂತಾಗಲೇ ಮಾಡಿಕೊಳ್ಳಿ. ಗಾಬರಿಯಲ್ಲಿ ನಾಡಿ ಹುಡುಕುತ್ತ ಕೂತರೆ ಸಿಗುವುದಿಲ್ಲ.

ನಾರ್ಮಲ್ ಬಂದ ಇಸಿಜಿ ಬಗ್ಗೆ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಸಾಮಾನ್ಯ ಇಸಿಜಿ ಹಿಡಿದಿಡುವುದು 10 ಸೆಕೆಂಡು ಮಾತ್ರ. ದಿನಕ್ಕೆ 86,400 ಸೆಕೆಂಡು. ನೀವು ಆಸ್ಪತ್ರೆಗೆ ಹೋದಾಗ ಬಡಿತ ಮಾಮೂಲಾಗಿತ್ತು ಅನ್ನುವುದಷ್ಟೇ ಆ ಹಾಳೆ ಹೇಳಿದ್ದು. ಹಾಗಂತ ಅದು ದಂಡ ಅಲ್ಲ. ಹುಟ್ಟಿನಿಂದ ಬಂದ ಕೆಲವು ಹೆಚ್ಚುವರಿ ದಾರಿಗಳು, ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುವ (ಕ್ಯೂಟಿ ಅಂತರ ಉದ್ದ ಇರುವ) ಅಪರೂಪದ ತೊಂದರೆ, ಹಿಂದೆ ಆಗಿಹೋದ ಹೃದಯಾಘಾತದ ಕಲೆ, ಇವು ಬಡಿತ ಮಾಮೂಲಾಗಿದ್ದಾಗಲೂ ಹೆಚ್ಚಾಗಿ ಅದರಲ್ಲಿ ಕಾಣುತ್ತವೆ. ಅವು ಕಂಡಿಲ್ಲ ಅನ್ನುವುದು ಒಳ್ಳೆಯ ಸುದ್ದಿ. ಆದರೆ ದಾಳಿ ಬಂದಾಗ ತೆಗೆದ ಇಸಿಜಿ ಮಾತ್ರ ಈ ಪ್ರಶ್ನೆಗೆ ಕೊನೆಯ ಉತ್ತರ ಕೊಡಬಲ್ಲದು. ಬೇರೆ ಯಾವ ಗುರುತೂ, ನಾನು ಮೇಲೆ ಬರೆದ ಎಲ್ಲವೂ ಸೇರಿ, ಅದರ ಮುಂದೆ ಊಹೆಯೇ.

ಆ ಹೊತ್ತಿನ ಇಸಿಜಿ ಹಿಡಿಯುವುದಕ್ಕೆ ದಾರಿಗಳಿವೆ. ದಿನಾ ಬರುತ್ತಿದ್ದರೆ 24 ಗಂಟೆಯ ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ, ಸಾಕು. ವಾರಕ್ಕೆ ಒಂದೆರಡು ಸಲ ಆದರೆ ಒಂದೆರಡು ವಾರ ಎದೆಗೆ ಅಂಟಿಸಿಕೊಂಡಿರುವ ಪ್ಯಾಚ್ ಒಳ್ಳೆಯದು. ತಿಂಗಳಿಗೊಮ್ಮೆ ಬರುವ ದಾಳಿಗೆ 24 ಗಂಟೆಯ ಹೋಲ್ಟರ್ ಕಟ್ಟಿ, ಏನೂ ಸಿಗಲಿಲ್ಲ ಅಂದು ಕೈ ತೊಳೆದುಕೊಳ್ಳುವುದನ್ನು ನೋಡಿದ್ದೇನೆ. ಅದು ಪರೀಕ್ಷೆಯೇ ಅಲ್ಲ. ನಿಮ್ಮ ವಾಚಿನಲ್ಲಿ ಇಸಿಜಿ ತೆಗೆಯುವ ಸೌಲಭ್ಯ ಇದ್ದರೆ ಅದನ್ನು ಬಳಸಿಕೊಳ್ಳಿ. ದಾಳಿ ಬಂದಾಗ ಕೂತು, ಕೈಗಳನ್ನು ತೊಡೆಯ ಮೇಲಿಟ್ಟು, ಅಲುಗಾಡದೆ ತೆಗೆಯಿರಿ. ವಾಚು ತಾನೇ ಕೊಡುವ ತೀರ್ಪಿಗಿಂತ ಆ ಗೆರೆ ಮುಖ್ಯ. ಅದನ್ನು ಉಳಿಸಿ ವೈದ್ಯರಿಗೆ ತೋರಿಸಿ. ಹೃದಯಾಘಾತ ಆಗಿದೆಯೋ ಇಲ್ಲವೋ ಅಂತ ಮಾತ್ರ ವಾಚು ಹೇಳಲಾರದು, ಅದಕ್ಕೆ ಅದನ್ನು ನಂಬಬೇಡಿ. ದಾಳಿ ಬಹಳ ಹೊತ್ತು ನಡೆದರೆ ಹತ್ತಿರದ ಆಸ್ಪತ್ರೆಗೆ ಹೋಗಿ, ಬಡಿತ ಇಳಿಯುವ ಮೊದಲೇ ಇಸಿಜಿ ತೆಗೆಯಿರಿ ಅಂತ ಕೇಳಿ. ಸಂಕೋಚ ಬೇಡ.

ಹೃದಯವೂ ಅಲ್ಲ, ಮನಸ್ಸೂ ಅಲ್ಲ ಅನ್ನುವ ಮೂರನೇ ಗುಂಪು ಒಂದಿದೆ. ಈ ವಾದದಲ್ಲಿ ಅದು ಮರೆತೇ ಹೋಗುತ್ತದೆ. ರಕ್ತಹೀನತೆ ಇದ್ದರೆ ಕಡಿಮೆ ಇರುವ ರಕ್ತವನ್ನೇ ಜಾಸ್ತಿ ಸಲ ಓಡಿಸಬೇಕು, ಹಾಗಾಗಿ ಬಡಿತ ಏರುತ್ತದೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೆ ನಿದ್ದೆಯಲ್ಲೂ ಬಡಿತ ಇಳಿಯುವುದಿಲ್ಲ. ಜೊತೆಗೆ ತೂಕ ಇಳಿಯುತ್ತದೆ, ಸೆಕೆ ತಡೆಯಲಾಗುವುದಿಲ್ಲ, ಕೈ ನಡುಗುತ್ತದೆ. ನೋಡಿದರೆ ಥೇಟ್ ಆತಂಕದಂತೆಯೇ ಇರುತ್ತದೆ. ಜ್ವರ, ನೀರು ಕಡಿಮೆಯಾಗುವುದು, ಗರ್ಭ, ಮುಟ್ಟು ನಿಲ್ಲುವ ಸಮಯ, ಆಸ್ತಮಾಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆ, ಡೋಸ್ ಜಾಸ್ತಿಯಾದ ಥೈರಾಯ್ಡ್ ಮಾತ್ರೆ, ಕಾಫಿ, ಎನರ್ಜಿ ಡ್ರಿಂಕ್, ಸಿಗರೇಟು, ಇವುಗಳಿಂದಲೂ ಬಡಿತ ಏರಬಹುದು. ಗೊರಕೆ ಜೋರಾಗಿದ್ದು ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ, ರಾತ್ರಿ ಎದೆ ಡವಡವ ಅಂತ ಎಚ್ಚರವಾಗಬಹುದು. ಎದ್ದು ನಿಂತಾಗ ಮಾತ್ರ ಬಡಿತ 30ಕ್ಕಿಂತ ಜಾಸ್ತಿ ಏರಿ, ಮಲಗಿದರೆ ಇಳಿಯುವ ಪಾಟ್ಸ್ ಎಂಬ ತೊಂದರೆಯೂ ಇದೆ. ಇದು ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಹೆಚ್ಚು.

ರಾತ್ರಿಯೇ ಯಾಕೆ ಜಾಸ್ತಿ ಅಂತ ನಿಮಗೆ ಅನಿಸಿರಬಹುದು. ಎಡಕ್ಕೆ ಮಗ್ಗುಲಾದರೆ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ. ಸುತ್ತ ಸದ್ದಿಲ್ಲ. ದಿಂಬಿಗೆ ಒತ್ತಿದ ಕಿವಿಯಲ್ಲಿ ಬಡಿತ ಕೇಳಿಸುತ್ತದೆ. ಹಗಲು ಗಮನಕ್ಕೇ ಬಾರದ 85 ಆಗ ದೊಡ್ಡದಾಗಿ ಕೇಳಿಸುತ್ತದೆ. ಕೇಳಿಸಿತು ಅಂತ ಹೆದರಿಕೆ, ಹೆದರಿದ್ದಕ್ಕೆ ಬಡಿತ ಇನ್ನೂ ಜಾಸ್ತಿ. ನಿಮ್ಮ 120ರ ದಾಳಿಗಳಲ್ಲಿ ಹಲವು ಹೀಗೇ ಹುಟ್ಟಿರಬಹುದು ಅಂತ ನನ್ನ ಅಂದಾಜು. ಮಗ್ಗುಲು ಬದಲಿಸಿ ನೋಡಿ, ಕೆಲವರಿಗೆ ಅಷ್ಟರಲ್ಲೇ ಕಡಿಮೆಯಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡಿಸುವುದು ಇಷ್ಟು. ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಲು ಟಿಎಸ್‌ಎಚ್, ಪೊಟ್ಯಾಸಿಯಂ. ಒಂದು ಸಲ ಎಕೋ, ಹೃದಯದ ಕವಾಟ ಮತ್ತು ಸ್ನಾಯು ಸರಿ ಇವೆಯಾ ಅಂತ ನೋಡಲು. ಈಗಿರುವ ಇಸಿಜಿಯನ್ನು ಹೃದ್ರೋಗ ತಜ್ಞರ ಕಣ್ಣಿಗೆ ಇನ್ನೊಮ್ಮೆ ಹಾಕುವುದು. ಮತ್ತು ಆ 170ನ್ನು ಹಿಡಿಯುವಷ್ಟು ದಿನದ ಮಾನಿಟರ್. ಆಂಜಿಯೋಗ್ರಾಮ್, ಸಿಟಿ ಸ್ಕ್ಯಾನ್ ಅಂತ ನಿಮ್ಮಷ್ಟಕ್ಕೆ ನೀವೇ ಹೋಗಿ ಮಾಡಿಸಬೇಡಿ. ಅವು ನೋಡುವುದು ರಕ್ತನಾಳದ ತಡೆಯನ್ನು. ನಿಮ್ಮ ಪ್ರಶ್ನೆ ವಿದ್ಯುತ್ತಿನದು.

ದಾಳಿ ಬಂದಾಗ ಏನು ಮಾಡಬೇಕು? ಮೊದಲು ಕೂತುಕೊಳ್ಳಿ. ವಾಹನ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ನಾಡಿ ಎಣಿಸಿ, ಸಾಧ್ಯವಾದರೆ ಇಸಿಜಿ ತೆಗೆಯಿರಿ. ಆಮೇಲೆ ಉಸಿರು. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ, ಮೂಗಿನಿಂದ ತೆಗೆದುಕೊಂಡು ತುಟಿ ಸಣ್ಣ ಮಾಡಿ ನಿಧಾನವಾಗಿ ಬಿಡಿ. ಹೊರಗೆ ಬಿಡುವಾಗಲೇ ವೇಗಸ್ ನರದ ಹಿಡಿತ ಬಿಗಿಯಾಗುವುದು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಬೇಡ. ಕಾರಣ ಗಾಬರಿ ಅಲ್ಲದಿದ್ದರೆ ಅದು ಅಪಾಯ.

ಎಸ್‌ವಿಟಿ ಅಂತ ಗೊತ್ತಾದವರಿಗೆ ವೈದ್ಯರು ಇನ್ನೊಂದು ಉಪಾಯ ಕಲಿಸುತ್ತಾರೆ. ಅರೆ ಒರಗಿ ಕೂತು, 15 ಸೆಕೆಂಡು ಮುಕ್ಕಿರಿದು ಉಸಿರು ಒತ್ತಿ ಹಿಡಿಯುವುದು. ಮುಗಿದ ಕೂಡಲೇ ಅಂಗಾತ ಮಲಗಿ, ಬೇರೆಯವರು ಕಾಲುಗಳನ್ನು 15 ಸೆಕೆಂಡು ಎತ್ತಿ ಹಿಡಿಯುವುದು. 2015ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ 43 ಶೇಕಡಾ ಜನರಿಗೆ ಬಡಿತ ಮಾಮೂಲಿಗೆ ಬಂತು. ಕಾಲೆತ್ತದೆ ಬರೀ ಕೂತು ಮುಕ್ಕಿರಿದವರಲ್ಲಿ 17 ಶೇಕಡಾ ಮಾತ್ರ. ನಿಮಗೆ ಇನ್ನೂ ಏನು ಅಂತ ಖಚಿತವಾಗಿಲ್ಲ, ಹಾಗಾಗಿ ವೈದ್ಯರನ್ನು ಕೇಳಿಯೇ ಮಾಡಿ. ಕುತ್ತಿಗೆಯ ರಕ್ತನಾಳ ಒತ್ತುವುದನ್ನಂತೂ ಯಾರು ಹೇಳಿದರೂ ಮನೆಯಲ್ಲಿ ಮಾಡಬೇಡಿ.

ಎಸ್‌ವಿಟಿ ಅಂತಲೇ ಬಂತು ಅನ್ನಿ. ಹೆದರುವಂಥದ್ದಲ್ಲ. ಅಪರೂಪಕ್ಕೆ ಬಂದು ತಾನೇ ನಿಲ್ಲುತ್ತಿದ್ದರೆ ಸುಮ್ನೆ ಬಿಟ್ಟರೂ ನಡೆಯುತ್ತದೆ. ಕಾಟ ಕೊಟ್ಟರೆ ಮಾತ್ರೆ ಇದೆ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ ಆ ಹೆಚ್ಚುವರಿ ದಾರಿಯನ್ನು ಸುಟ್ಟುಹಾಕುವ ಅಬ್ಲೇಷನ್ ಇದೆ. ಎಸ್‌ವಿಟಿಯ ಸಾಮಾನ್ಯ ಬಗೆಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನರಿಗೆ ಅದರಿಂದ ಪೂರ್ತಿ ವಾಸಿಯಾಗುತ್ತದೆ.

ದಾಳಿಯ ಹೊತ್ತಿನಲ್ಲೇ ತೆಗೆದ ಇಸಿಜಿ ಸೈನಸ್ ಬಡಿತ ಅಂತ ತೋರಿಸಿ, ರಕ್ತಪರೀಕ್ಷೆಯೂ ಸರಿ ಇದ್ದರೆ, ಆಗ ನಾನೂ ಗಾಬರಿ ಅಂತಲೇ ಹೇಳುತ್ತೇನೆ. ಆ ಮಾತನ್ನು ಒಪ್ಪಿಕೊಂಡು ಚಿಕಿತ್ಸೆ ತೆಗೆದುಕೊಳ್ಳಿ. ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಲ್ಲಿ ಒಂದು ಹಂತದಲ್ಲಿ ಬೇಕೆಂದೇ ಮೆಟ್ಟಿಲು ಹತ್ತಿಸಿ, ನಿಂತಲ್ಲೇ ಓಡಿಸಿ ಬಡಿತ ಏರಿಸುತ್ತಾರೆ. ಜೋರಾದ ಬಡಿತ ಅಂದರೆ ಅಪಾಯ ಅಂತ ಕಲಿತುಬಿಟ್ಟ ಮನಸ್ಸು, ಏನೂ ಆಗಲಿಲ್ಲ ಅನ್ನುವುದನ್ನು ಮತ್ತೆ ಮತ್ತೆ ನೋಡಿ ಆ ಪಾಠ ಮರೆಯುತ್ತದೆ. ಬೇಕಿದ್ದರೆ ಮಾತ್ರೆಗಳೂ ಇವೆ. ಪ್ರೊಪ್ರನೊಲಾಲ್‌ನಂಥವು ಬಡಿತ, ನಡುಕ ತಗ್ಗಿಸುತ್ತವೆ. ಆಸ್ತಮಾ ಇರುವವರು ಅದನ್ನು ತೆಗೆದುಕೊಳ್ಳುವಂತಿಲ್ಲ. ಬೇರೆಯವರ ಚೀಟಿಯ ಮಾತ್ರೆ ತಂದು ನುಂಗಬೇಡಿ.

ಎರಡೂ ಇರಬಹುದು ಅನ್ನುವುದನ್ನೂ ಮನಸ್ಸಿನಲ್ಲಿಡಿ. ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಅನುಮಾನ ಇರುವುದೇ ಇದರ ಮೇಲೆ. ಯಾವಾಗಲೋ ಬಂದುಹೋದ ಎರಡು ಎಸ್‌ವಿಟಿ, ಅದು ಮತ್ತೆ ಬಂದರೆ ಅನ್ನುವ ಹೆದರಿಕೆಯಿಂದ ಬರುತ್ತಿರುವ ಎಷ್ಟೋ 120. ಹಾಗಿದ್ದರೆ ಎರಡಕ್ಕೂ ಚಿಕಿತ್ಸೆ ಬೇಕು. ಒಂದಕ್ಕೆ ಮಾಡಿ ಇನ್ನೊಂದು ಬಿಟ್ಟರೆ ನಿಮಗೆ ನೆಮ್ಮದಿ ಸಿಗುವುದಿಲ್ಲ.

ನಾಡಿ ಎಣಿಸಿ, ಬರೆದಿಡಿ ಅಂತ ಹೇಳಿದ್ದೇನೆ. ಅದಕ್ಕೆ ಒಂದು ಗಡುವು ಹಾಕಿಕೊಳ್ಳಿ. ನಾಲ್ಕು ವಾರ ಸಾಕು. ದಾಳಿ ಬಂದಾಗ ಮಾತ್ರ ಬರೆಯಿರಿ. ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ, ದಿಢೀರನೆಯೋ ಮೆಲ್ಲಗೋ, ನಾಡಿ ಎಷ್ಟು, ತಾಳ ಸರಿ ಇತ್ತೋ ಇಲ್ಲವೋ, ಎಷ್ಟು ಹೊತ್ತು, ಹೇಗೆ ನಿಂತಿತು. ಉಳಿದ ಹೊತ್ತಿನಲ್ಲಿ ವಾಚು ನೋಡುವುದು ಬೇಡ. ಗಂಟೆಗೊಮ್ಮೆ ನೋಡುವವರಿಗೆ ಗಂಟೆಗೊಮ್ಮೆ ಹೆದರಲು ಕಾರಣ ಸಿಗುತ್ತದೆ. ಮಲಗುವಾಗ ಅದನ್ನು ಬಿಚ್ಚಿ ಕೈಗೆಟುಕುವಲ್ಲಿ ಇಡಿ, ದಾಳಿ ಬಂದರೆ ಕಟ್ಟಿಕೊಂಡು ಇಸಿಜಿ ತೆಗೆಯಬಹುದು. ಆ ಹಾಳೆ ಮತ್ತು ಸಿಕ್ಕಿದ ಗೆರೆಗಳನ್ನು ತೆಗೆದುಕೊಂಡು ಹೃದ್ರೋಗ ತಜ್ಞರ ಬಳಿ ಹೋಗಿ. "ಇಸಿಜಿ ನಾರ್ಮಲ್ ಬಂದದ್ದು ಬಡಿತ ಮಾಮೂಲಾಗಿದ್ದಾಗ, ದಾಳಿಯ ಹೊತ್ತಿನದು ಇನ್ನೂ ಯಾರೂ ನೋಡಿಲ್ಲ" ಅಂತ ಮೊದಲ ಮಾತಿನಲ್ಲೇ ಹೇಳಿ. ಎಲ್ಲ ಪರೀಕ್ಷೆ ಮುಗಿದು ಗಾಬರಿ ಅಂತ ಖಚಿತವಾದ ಮೇಲೆ, ಬಡಿತದ ರೀತಿ ಬದಲಾದರೆ, ಎಚ್ಚರ ತಪ್ಪಿದರೆ, ಅಥವಾ ಓಡಾಡುವಾಗ ಹೊಸದಾಗಿ ಶುರುವಾದರೆ ಮತ್ತೆ ತೋರಿಸಿ. ಅದೇ ಹಳೆಯ 120 ಮತ್ತೆ ಬಂತು ಅನ್ನುವುದಕ್ಕೆ ಹೊಸ ಇಸಿಜಿ ಬೇಕಿಲ್ಲ.